ಹೆಪ್ಪು

ಶಿವಮೊಗ್ಗದಿಂದ ಸಾಗರಕ್ಕೆ ಎಷ್ಟು ದೂರ ಎಂದು ಕೇಳಿದರೆ
ಕಿಲೋಮೀಟರು ಹೇಳುವುದು ಬಿಟ್ಟಿದ್ದೇನೆ.
ಐದು ಕಕ್ಕಸು.
ಆಯನೂರಿನದಕ್ಕೆ ಬೀಗ, ಕೀಲಿ ಬೀಡಾ ಅಂಗಡಿಯವನ ಸೊಂಟದಲ್ಲಿ.
ಕುಂಸಿಯದಕ್ಕೆ ಚಿಲಕವಿಲ್ಲ, ಹಾಡುತ್ತಾ ಕೂರಬೇಕು.
ಚೋರಡಿಯಲ್ಲಿ ಗುರುತಿನವರ ಮನೆ,
ಅವರ ನಾಯಿಗೂ ಈಗ ನನ್ನ ಗುರುತು.
ಆನಂದಪುರದಲ್ಲಿ ನೀರಿದ್ದರೆ ಉಂಟು.
ಐದನೆಯದು ಸಾಗರದ ಸ್ಟ್ಯಾಂಡು.
ಅಲ್ಲಿ ಮುಟ್ಟುವ ತನಕ ಯಾರೂ ನನ್ನನ್ನು ನಗಿಸಬಾರದು.

ಶುರುವಾದದ್ದು ಹಲ್ಲಿನಿಂದ.
ಎಡದವಡೆ ಬೋಂಡಾದ ಹಾಗೆ ಊದಿ
'ಸಾಗರ ಸಾಗರ' ಎಂದು ಕೂಗಿದರೆ
'ಹಾಗರ ಹಾಗರ' ಅಂತ ಕೇಳುತ್ತಿತ್ತು.
ಮೆಡಿಕಲ್ ಶಾಪಿನವನು ಚೀಟಿ ಕೇಳಲಿಲ್ಲ.
ದಿನಕ್ಕೆ ಮೂರು, ಕೆಂಪು ಕಪ್ಪು ಕ್ಯಾಪ್ಸೂಲು.
ಹಲ್ಲು ಮಲಗಿತು. ನಾಲ್ಕು ದಿನಕ್ಕೆ ಎದ್ದಿತು.
ಇನ್ನೊಂದು ಪಟ್ಟಿ.
ಆಮೇಲೆ 'ಪವರ್ ಜಾಸ್ತಿಯದು' ಮತ್ತೊಂದು.
ಕೊನೆಗೂ ನೋವು ಸತ್ತಿತು.
ಅದರ ಜೊತೆ ಇನ್ನು ಯಾರ್ಯಾರು ಸತ್ತರೋ
ಎಣಿಸಿದವರಿಲ್ಲ.

ಮೆಗ್ಗಾನ್ ಆಸ್ಪತ್ರೆಯ ಡಾಕ್ಟರಮ್ಮ ಸಣ್ಣ ಹುಡುಗಿ,
ಚೀಟಿಯ ಬೆನ್ನಿಗೆ ಜಿಲೇಬಿಯ ಹಾಗೆ ಕರುಳು ಬರೆದಳು.
'ಇದರೊಳಗೆ ಕೋಟಿ ಕೋಟಿ ಜೀವಿಗಳಿವೆ ಆಂಟಿ,
ಒಳ್ಳೆ ಸೈನಿಕರು, ಕೆಟ್ಟ ಸೈನಿಕರು...'
ಸೈನಿಕರಲ್ಲ ಕಣಮ್ಮ, ಎಂದೆ ಒಳಗೊಳಗೇ,
ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ನಿಂತವಳು ನಾನು,
ಪ್ಯಾಸೆಂಜರು.
ಆರು ಇಪ್ಪತ್ತರ ಗಾಡಿಗೆ ಹಾಲಿನ ಕ್ಯಾನಿನವನು ಹತ್ತುತ್ತಾನೆ,
ಕುಂಸಿಯಲ್ಲಿ ಲೆಕ್ಕದ ಮೇಷ್ಟ್ರು,
ಸೀಟಿದ್ದರೂ ಕೂರದೆ ಬಾಗಿಲಲ್ಲೇ ತೂಗುವ ಒಬ್ಬ ಮುದುಕ.
ಜೇಬುಗಳ್ಳನೂ ಇರುತ್ತಾನೆ, ಮೇಷ್ಟ್ರ ಪಕ್ಕದಲ್ಲೇ,
ಸುತ್ತ ಜನವಿದ್ದಾರೆಂದು ಕೈಕಟ್ಟಿಕೊಂಡು.
ಅಷ್ಟೂ ಜನರನ್ನು ಒಂದೇ ದಿನ ಇಳಿಸಿದರೆ
ಕಿಟಕಿಯಿಂದ ಮೊದಲು ಟವೆಲ್ ಎಸೆಯುವವನು ಯಾರೆಂದು
ಕಂಡಕ್ಟರಿಗೆ ಹೇಳಿಕೊಡಬೇಕೆ?

ತೂಕ ಇಳಿಯಿತು. ಟಿಕೆಟ್ ಮಷೀನು ಕಲ್ಲಾಯಿತು.
ಐವತ್ತು ಕೊಟ್ಟವರಿಗೆ ನೂರರ ಚಿಲ್ಲರೆ ಕೊಟ್ಟೆ.
ಒಂದು ಮಧ್ಯಾಹ್ನ, ಯಾರೂ ಏನೂ ಅನ್ನದೆ,
ಲಗೇಜು ಎಣಿಸುತ್ತಾ ಅತ್ತುಬಿಟ್ಟೆ.
ಕರುಳು ಮಿದುಳು ಒಳಗೇ ಮಾತಾಡಿಕೊಳ್ಳುತ್ತವಂತೆ,
ಅದಕ್ಕೂ ಇದಕ್ಕೂ ನಂಟಿರಬಹುದು ಎಂದಳು ಹುಡುಗಿ.
'ಹೊಟ್ಟೆ ಉರಿ' ಅಂತ ಸುಮ್ಮನೆ ಹೇಳಿದರೆ ನಮ್ಮ ಹಿರಿಯರು?

ಡ್ರೈವರ್ ಕರಿಬಸಯ್ಯ ಏನೂ ಕೇಳಲಿಲ್ಲ.
ನಾನು ಎರಡು ಸಲ ಸೀಟಿ ಊದಿದರೆ ಸಾಕು,
ಬದಿಗೆ ಹಾಕಿ, ಇಳಿದು,
ಹಿಂದಿನ ಟೈರಿಗೆ ಒದೆಯುತ್ತಾ ನಿಲ್ಲುತ್ತಿದ್ದ
ನಾನು ತಿರುಗಿ ಬರುವವರೆಗೆ.
ಡಿಪೋಗೆ ಯಾರೋ ದೂರು ಬರೆದರು:
ಈ ಗಾಡಿಯ ಟೈರು ಸರಿಯಿಲ್ಲ.

ಮದ್ದಿನಿಂದ ಬಂದದ್ದಕ್ಕೆ ಮತ್ತೆ ಮದ್ದು, ಹತ್ತು ದಿನ.
'ಮರುಕಳಿಸಿದರೆ ದೊಡ್ಡ ಆಸ್ಪತ್ರೆಯಲ್ಲಿ ಒಂದು ಚಿಕಿತ್ಸೆ ಇದೆ,
ಆರೋಗ್ಯವಂತರ... ಅದನ್ನು... ಶುದ್ಧ ಮಾಡಿ...'
ಅವಳ ದನಿ ಇಳಿಯಿತು, ಕಿವಿ ಕೆಂಪಾಯಿತು.
ನನಗೆ ಹೇಸಿಗೆ ಬರಲಿಲ್ಲ.
ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸು ನೆನಪಾಯಿತು.
ನಮ್ಮ ಹೆಪ್ಪು ಕೆಟ್ಟ ದಿನ
ಲೋಟ ಹಿಡಿದು ನಾನು ಜೈತೂನಮ್ಮನ ಮನೆಗೆ ಓಡಬೇಕು,
ಸೊಡರು ಹಚ್ಚುವ ಮೊದಲೇ,
ಹಚ್ಚಿದ ಮೇಲೆ ಮೊಸರು ಹೊಸಿಲು ದಾಟುವುದಿಲ್ಲ.
ಒಂದು ಚಮಚ. ಬೆಳಗಾದರೆ ನಮ್ಮ ಗಡಿಗೆಯಲ್ಲಿ ಅವರ ಹುಳಿ.
ಅವರದು ಹಳಸಿದರೆ ಅವರ ಇಕ್ಬಾಲ ನಮ್ಮ ಬಾಗಿಲಿಗೆ.
ಕೊನೆಕೊನೆಗೆ ಅದು ಯಾರ ಮನೆಯ ಮೊಸರೆಂದು
ಅಮ್ಮನಿಗೂ ಗೊತ್ತಿರಲಿಲ್ಲ.

ಮರುಕಳಿಸಲಿಲ್ಲ. ಆದರೂ ಪೂರ್ತಿ ಸರಿ ಅನ್ನಲಾರೆ.
ಹಿತಕಿದ ಅವರೆ ಇನ್ನೂ ಒಗ್ಗುವುದಿಲ್ಲ.
ಇಳಿದವರಲ್ಲಿ ಕೆಲವರು ಹತ್ತಿದ್ದಾರೆ,
ಕೆಲವರು ಊರನ್ನೇ ಬಿಟ್ಟಿರಬೇಕು.
ಮಜ್ಜಿಗೆ, ಗಂಜಿ, ಬಾಳೆದಿಂಡು,
ಹುಡುಗಿ ಹೇಳಿದ್ದು ಒಂದಿಷ್ಟು, ನಾನು ಸೇರಿಸಿದ್ದು ಒಂದಿಷ್ಟು.
ಆರು ತಿಂಗಳು ಹಿಡಿಯಬಹುದು, ಕೆಲವರಿಗೆ ಹೆಚ್ಚು.

ನಿನ್ನೆ ಚೋರಡಿ ದಾಟಿದೆವು, ನಿಲ್ಲಿಸದೆ.
ಆ ನಾಯಿ ರಸ್ತೆಯವರೆಗೆ ಬಂದು ನೋಡಿತು.
ಆನಂದಪುರದಲ್ಲಿ ಕರಿಬಸಯ್ಯ ತಾನಾಗಿ ಬದಿಗೆ ಹಾಕಿ,
ಇಳಿದು ಟೈರಿಗೆ ಒದ್ದ.
ನಾನು ಕೂತೇ ಇದ್ದೆ.
ಒದೆಯುತ್ತಾ ನಿಂತ, ನನ್ನತ್ತ ನೋಡಿದ, ಮತ್ತೊಂದು ಒದ್ದ.
ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ,
'ಏನಾಯ್ತು ಮಾರಾಯಾ?'
'ಏನಿಲ್ಲ,' ಎಂದ ಸೀಟು ಹತ್ತುತ್ತಾ,
'ಗಾಳಿ ಸರಿ ಇದೆ.'